ಕಾಯುವುದು

ಮಂಡಕ್ಕಿ ಭಟ್ಟಿಯ ಬಾಯಿಗೆ
ಹಲಗೆ ಒಡ್ಡಿ ಕೂತಿದ್ದೇವೆ.
ಮಾಘದ ಇಬ್ಬನಿಗೆ ಚರ್ಮ ಸಡಿಲ,
ಬಡಿದರೆ ನೆನೆದ ಗೋಣಿಚೀಲದ ಸದ್ದು.
ಹತ್ತಕ್ಕೆ ದಿಬ್ಬಣ ಅಂದವರು ಹನ್ನೊಂದಾದರೂ
ಮದುಮಗನಿಗೆ ಪೇಟ ಸುತ್ತುತ್ತಲೇ ಇದ್ದಾರೆ.

ಹೆಣ್ಣಿನ ಕಡೆಯ ಯಾರೋ ಮಾವ
ಬೈಕಿನಿಂದ ಇಳಿಯದೆಯೇ ಕೇಳಿದ:
"ಡಿಜೆಗೂ ಇಷ್ಟೇ ರೇಟು. ನಿಮ್ದೇನು ಸ್ಪೆಷಲ್ಲು?"
ಉತ್ತರಕ್ಕೆ ನಿಲ್ಲಲಿಲ್ಲ.
ಪ್ರಶ್ನೆ ಮಾತ್ರ ಉಳಿಯಿತು,
ಹೊಟ್ಟಿನ ಹೊಗೆಯ ಹಾಗೆ, ಕಣ್ಣುರಿಸುತ್ತ.

"ನಂದು ರಟ್ಟೆ" ಅಂದ ಓಬಳೇಶ.
"ಹಗಲೆಲ್ಲ ಎಪಿಎಂಸೀಲಿ ಮೆಕ್ಕೆಜೋಳ ಹೊತ್ತವನಿಗೆ
ಡೋಲು ಅಂದ್ರೆ ಖಾಲಿ ಚೀಲ.
ಬೆಳಗಾಗೋ ತನಕ ಬಡಿ ಅನ್ನಿ, ಬಡಿತೀನಿ.
ನಾಜೂಕು ಮಾತ್ರ ಕೇಳಬ್ಯಾಡ್ರಿ."

ಭಟ್ಟಿ ದಸ್ತಗೀರಣ್ಣನದು,
ಹಗಲು ಮಂಡಕ್ಕಿ, ರಾತ್ರಿ ತಾಶಾ.
ಜರಡಿ ಕೊಡವುತ್ತಲೇ ಹೇಳಿದ:
"ಬಿಸಿ ಮರಳಲ್ಲಿ ಅಕ್ಕಿ ಅರಳೋ ಮುಂಚೆ
ಒಂದು ಚಿಟಿಚಿಟಿ ಇರ್ತದಲ್ಲ,
ಅದನ್ನ ಎತ್ತಿ ತಾಶಾ ಮೇಲೆ ಇಡ್ತೀನಿ.
ನಲವತ್ತು ವರ್ಷ, ಅದೊಂದೇ ಪಾಠ."

ತಿಪ್ಪೇಶಜ್ಜ ಜಗಳೂರು ಕಡೆಯವನು.
ಅವನ ಸಮಾಳ ಅವನೇ ಕಾಯಿಸಬೇಕು,
ಇನ್ನೊಬ್ಬರು ಮುಟ್ಟಿದರೆ ಮುಖ ಗಂಟು.
ಬಹಳ ಹೊತ್ತಿನ ಮೇಲೆ,
"ನಾನು ಕಾಲು ನೋಡ್ತೀನಿ" ಅಂದ.
"ಮುಖ ನೋಡಿದ್ರೆ ತಾಳ ತಪ್ಪತೈತಿ.
ಕುಣಿಯೋನ ಹಿಮ್ಮಡಿ ಎಲ್ಲಿ ಬೀಳತೈತೋ
ಅಲ್ಲಿ ನನ್ನ ಪೆಟ್ಟು ಮೊದಲೇ ಹೋಗಿ
ಚಾಪೆ ಹಾಸಿರತೈತಿ."

"ನಿಂದು ಹೇಳವ್ವ, ಹನುಮಕ್ಕ."

ಅಣ್ಣಂದಿರು ಬೇಡವೆಂದ ಅಪ್ಪನ ಹಲಗೆ
ನನ್ನ ಕೊರಳಿಗೆ ಬಿದ್ದು ಹನ್ನೆರಡು ವರ್ಷ.
ಈ ರಟ್ಟೆಯಿಲ್ಲ, ಆ ಬೆರಳಿಲ್ಲ.
ಉರುಳಿಕೆಯ ಮೂರನೇ ಸುತ್ತಿಗೆ ಮಣಿಕಟ್ಟು ಸೋಲುತ್ತದೆ.
ಹದ ಮಾತ್ರ ಗೊತ್ತು:
ಚರ್ಮ ಸುಡುವುದಕ್ಕೆ ಒಂದು ಉಸಿರು ಮೊದಲು
ಬರುವ ವಾಸನೆ.
"ಹಲಗೆ ಚೆನ್ನಾಗಿ ಕಾಯಿಸ್ತೀನಿ" ಅಂದೆ.
ಎಲ್ಲರೂ ನಕ್ಕರು.
ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಹನ್ನೆರಡರ ಸುಮಾರಿಗೆ ದಿಬ್ಬಣ
ಅಶೋಕ ಟಾಕೀಸಿನ ಗೇಟಿಗೆ ಬಂತು,
ಗೇಟು ಬಿತ್ತು.
ಗೂಡ್ಸು. ಅದಕ್ಕೆ ಕೊನೆಯೇ ಇಲ್ಲ.
ಕುದುರೆ ಕಿವಿ ನಿಮಿರಿಸಿತು,
ದೀಪ ಹೊತ್ತವರು ದೀಪ ಇಳಿಸಿ ಬೆನ್ನು ನೀವಿಕೊಂಡರು,
ಓಬಳೇಶ ಡೋಲಿನ ಮೇಲೆ ಮೊಣಕೈ ಊರಿದ,
ಅಜ್ಜ ಬೀಡಿ ಹಚ್ಚಿದ.
ಕುಣಿಯುತ್ತಿದ್ದ ಮೈಗಳೆಲ್ಲ
ಒಮ್ಮೆಲೇ ತಣ್ಣಗಾಗಿ, ಮೊಬೈಲು ತೆಗೆದವು.

ನಾನು ಸಣ್ಣ ಕಡ್ಡಿಯಿಂದ ಹಲಗೆಯ ಅಂಚಿಗೆ
ಎಣಿಕೆ ಹಾಕುತ್ತ ನಿಂತೆ.
ನನಗೇ ಕೇಳಿಸುತ್ತಿರಲಿಲ್ಲ.
ಗಾಲಿಗಳದು ಬೇರೆ ಲೆಕ್ಕ,
ಬಾ ಬಾ ಎಂದು ತನ್ನ ಕಡೆಗೇ ಎಳೆಯುತ್ತದೆ,
ಹೋದರೆ ಸುಖ.
ಹೋಗಲಿಲ್ಲ.
ಎಪ್ಪತ್ತು ಪೆಟ್ಟೋ ತೊಂಬತ್ತೋ,
ಒಂದು ಕಡೆ ಅನುಮಾನ ಬಂತು, ಕಡ್ಡಿ ನಿಲ್ಲಿಸಲಿಲ್ಲ.

ಕೊನೆಯ ಡಬ್ಬಿಯ ಕೆಂಪು ದೀಪ ದಾಟಿತು.
ಆಮೇಲೆ ಬೀದಿಯಲ್ಲಿ ಉಳಿದದ್ದು
ಟಕ. ಟಕ. ಟಕ.
ದಸ್ತಗೀರಣ್ಣ ತಿರುಗಿಯೂ ನೋಡಲಿಲ್ಲ,
ಎರಡರ ನಡುವೆ ಸಂದು ನೋಡಿ
ಅಕ್ಕಿ ಚೆಲ್ಲಿದ ಹಾಗೆ ಒಳಬಂದ.
ಅವನ ಹಿಂದೆ ಸಮಾಳ, ಅದರ ಹಿಂದೆ ಡೋಲು.
ಗೇಟು ಪೂರ್ತಿ ಏಳುವ ಮೊದಲೇ
ಬೈಕಿನ ಮಾವ ಬಗ್ಗಿ ನುಸುಳಿ
ಹಳಿಯ ಮೇಲೆ ಕುಣಿಯುತ್ತಿದ್ದ.
ಬೆವರಿಳಿಸಿಕೊಂಡು ಐನೂರರ ನೋಟನ್ನು
ಓಬಳೇಶನ ಡೋಲಿನ ಹಗ್ಗಕ್ಕೆ ಸಿಕ್ಕಿಸಿದ.
ಸರಿ. ಸದ್ದು ಅವನದೇ ದೊಡ್ಡದು.

ಬೆಳಗಿನ ಜಾವ ಮತ್ತೆ ಭಟ್ಟಿ.
ಗೇಟಿನ ಮಾತು ಯಾರೂ ಎತ್ತಲಿಲ್ಲ.
ಹಸಿಮೆಣಸಿನಕಾಯಿ ಕಚ್ಚಿಕೊಂಡು
ಬಿಸಿ ಮಂಡಕ್ಕಿ ಮುಕ್ಕುತ್ತಿದ್ದೆ.
ತಿಪ್ಪೇಶಜ್ಜ ತನ್ನ ಸಮಾಳವನ್ನು ಕಾಲಿನಿಂದಲ್ಲ, ಕೈಯಿಂದ
ನನ್ನ ಕಡೆಗೆ ಸರಿಸಿದ.

"ನಾಳೆ ಹರಿಹರದ್ದು, ಬೇಗ ಐತಿ.
ಇದನ್ನೂ ನೀನೇ ಕಾಯಿಸು."