ನೈರುತ್ಯದ ಗಾಳಿ

ಕೊಳವೆ ಒಂದು ಮೊಳ ಉದ್ದ. ಉಕ್ಕಿನದು.
ಈ ತುದಿಯಲ್ಲಿ ಕಾಡು ಒಳಗೆ ಹೋಗುತ್ತದೆ,
ಆ ತುದಿಯಲ್ಲಿ ಉಳಿದಷ್ಟು ಕಾಡು ಹೊರಗೆ ಬರುತ್ತದೆ.
ನಡುವೆ ಬಿಸಿ. ನನ್ನ ಕೆಲಸ ಇಷ್ಟೇ:
ಹೋದದ್ದೆಷ್ಟು, ಬಂದದ್ದೆಷ್ಟು, ಬರೆದಿಡುವುದು.

ಫಿನ್‌ಲ್ಯಾಂಡಿನ ಜೂನ್. ರಾತ್ರಿಯೆಂಬುದು ಗಡಿಯಾರದಲ್ಲಿ ಮಾತ್ರ.
ಕಿಟಕಿಯಾಚೆ ಪೈನ್ ಮರಗಳು
ಮಲಗಲು ಹಟ ಮಾಡುವ ಮಕ್ಕಳಂತೆ ನಿಂತೇ ಇವೆ.
ತಗಡಿನ ಕೋಣೆಯಲ್ಲಿ ಪಂಪು ಒಂದೇ ಸಮ ಗೊಣಗುತ್ತದೆ,
ಸೊಳ್ಳೆಗಳಿಗೆ ಅದೇ ಶ್ರುತಿ.

ಮರ ಬಿಟ್ಟ ಉಸಿರು ಬಿಸಿಲಿಗೆ ಬಲಿತು ಕಣವಾಗುತ್ತದೆ,
ಕೂದಲೆಳೆಯ ಸಾವಿರದಲ್ಲೊಂದು ಪಾಲು.
ಕಣ್ಣಿಗಿಲ್ಲ, ಕೈಗಿಲ್ಲ;
ಕೆರೆಯಾಚೆ ನೀಲಿ ಮಬ್ಬಾಗಿ ಗುಂಪುಗೂಡಿದಾಗ ಮಾತ್ರ
ಏನೋ ಇದೆ ಅನ್ನಿಸುತ್ತದೆ.
ಐವತ್ತು ಡಿಗ್ರಿಗೆ ಹಗುರ ಮನಸ್ಸಿನವು ಹೊರಟುಬಿಡುತ್ತವೆ,
ನೂರಕ್ಕೆ ಅರ್ಧಕ್ಕರ್ಧ.
ಎದ್ದು ಹೋದದ್ದನ್ನು ಇದ್ದಿಲು ನುಂಗಿಕೊಳ್ಳುತ್ತದೆ,
ತಿರುಗಿ ಬಂದು ಕೂರದಂತೆ.
(ಇದ್ದಿಲೂ ಒಂದು ಕಾಲಕ್ಕೆ ಮರವೇ. ಇರಲಿ.)
ಇನ್ನೂರರಲ್ಲೂ ಏಳದೆ ಕೂತವು ಕೆಲವಿವೆ,
ಅವಕ್ಕೆ ನಾವಿನ್ನೂ ಸರಿಯಾದ ಹೆಸರಿಟ್ಟಿಲ್ಲ.

ವಿಲ್ಯೊ ಬರುತ್ತಾನೆ ಒಂದರ ಸುಮಾರಿಗೆ, ಫ್ಲಾಸ್ಕು ಹಿಡಿದು.
ಗಾಳಿ ಎಳೆಯುವ ಬಾಯಿಗೆ ಬಲೆ ಬದಲಿಸುವುದು,
ಪಂಪಿಗೆ ಎಣ್ಣೆ ಬಿಡುವುದು ಅವನ ಪಾಲಿನ ಕೆಲಸ.
ಮೊದಲು ಮೂವತ್ತೊಂದು ವರ್ಷ
ಕೆರೆಯಾಚೆಯ ಗರಗಸದ ಮಿಲ್ಲಿನಲ್ಲಿದ್ದ.
ಹಲಗೆ ಮೂಸಿ ದರ್ಜೆ ಹೇಳುತ್ತಿದ್ದನಂತೆ.
'ಈಗಿಲ್ಲ. ನನಗಿಂತ ಮೊದಲೇ
ನನ್ನ ಮೂಗು ನಿವೃತ್ತಿ ತೆಗೆದುಕೊಂಡಿತು.'

ಪರದೆ ನೋಡಿ ಕೇಳುತ್ತಾನೆ:
'ನೂರು ಡಿಗ್ರಿಯಾ? ನಮ್ಮ ಸೌನಾ ಅಷ್ಟೇ ಇರುತ್ತೆ, ಸಿರ್ಕ.
ವಾರಕ್ಕೆರಡು ಸಲ ಕೂರ್ತೀನಿ. ನಾನೇನೂ ಆವಿಯಾಗಿಲ್ಲ.'
'ನೀವು ದೊಡ್ಡ ಕಣ,' ಎನ್ನುತ್ತೇನೆ.
ನಗುತ್ತಾನೆ, ಕಾಫಿ ಸುರಿಯುತ್ತಾನೆ,
ಸುವಾಸನೆಯ ಪಾಲು ನನಗೆ, ಬಿಸಿಯ ಪಾಲು ಅವನಿಗೆ.

ಎರಡು ಗಂಟೆ ನಲವತ್ತಕ್ಕೆ ಗಾಳಿ ಮಗ್ಗುಲು ಬದಲಿಸಿತು.
ತೆವಳುತ್ತಿದ್ದ ಗೆರೆ ಥಟ್ಟನೆ ಮೇಲಕ್ಕೆದ್ದು
ಅಂಚು ಮುಟ್ಟಿತು.
ಕೈಪಿಡಿಯಲ್ಲಿ ಸ್ಪಷ್ಟವಾಗಿದೆ: ನೈರುತ್ಯದಿಂದ ಬಂದರೆ
ಆ ತಾಸುಗಳಿಗೆ ಕೆಂಪು ಬಳಿಯಿರಿ. ಕಲಬೆರಕೆ.
ಬಳಿಯುತ್ತಾ ಹೋದೆ.

'ಅದೇನು ಕೆಂಪು?'
'ಮಿಲ್ಲು. ರಾತ್ರಿ ಪಾಳಿ ಇರಬೇಕು.'
ಅವನು ಕನ್ನಡಕ ಏರಿಸಿಕೊಂಡು ಬಗ್ಗಿದ,
ಬಾಲ್ಯದ ಗೆಳೆಯನನ್ನು ರೈಲಿನ ಕಿಟಕಿಯಲ್ಲಿ ಕಂಡವನಂತೆ.
'ಪೈನ್ ಕೊಯ್ಯುತ್ತಿದ್ದಾರೆ,' ಎಂದ.
ಬರೀ ಗೆರೆ ನೋಡಿ? ಹೇಗೆ ಗೊತ್ತು?
'ಮಂಗಳವಾರ ಅಲ್ವಾ. ಮಂಗಳವಾರ ಪೈನೇ.
ಸ್ಪ್ರೂಸ್ ಏನಿದ್ದರೂ ಗುರುವಾರದ ಮೇಲೆ.'

ಸ್ವಲ್ಪ ಹೊತ್ತು ಪಂಪು ಮಾತ್ರ ಮಾತಾಡಿತು.
ಆಮೇಲೆ, ಯಾರನ್ನೂ ಕೇಳದವನ ಹಾಗೆ:
'ಕಡಿದರೆ ಅದು ಕಾಡಲ್ಲವಾ, ಹಾಗಾದರೆ?'

ಉತ್ತರ ಇತ್ತು. ಪ್ರಮಾಣ, ಮೂಲ, ದೂರ,
ಎಷ್ಟು ಪಟ್ಟು ಹೆಚ್ಚು, ಯಾಕೆ ಬೇರೆಯಾಗಿಡಬೇಕು.
ಕೊಳವೆಯಲ್ಲಿ ಕಣಕ್ಕೆ ಸಿಗುವುದು ಹದಿನಾರು ಸೆಕೆಂಡು;
ನನಗೂ ಹೆಚ್ಚುಕಮ್ಮಿ ಅಷ್ಟೇ ಸಿಕ್ಕಿತು.
ಹೇಳಲಿಲ್ಲ.

ನಾಲ್ಕರ ಹೊತ್ತಿಗೆ ಗೆರೆ ಇಳಿದು ಹೋಯಿತು.
ಅಲ್ಲಿಯವರೆಗೂ ಅವನು ಕೂರಲಿಲ್ಲ.
ಬಾಗಿಲು ತೆರೆದು ಹೊರಗೆ ನಿಂತ,
ಸೊಳ್ಳೆ ಮುತ್ತುವುದನ್ನೂ ಲೆಕ್ಕಿಸದೆ,
ಮಿಲ್ಲಿನ ದಿಕ್ಕಿಗೆ ಮುಖವೆತ್ತಿ,
ಎರಡು ಸಲ ದೀರ್ಘವಾಗಿ ಉಸಿರೆಳೆದ.
ಅಭ್ಯಾಸ, ಅಷ್ಟೇ.

ದಿನಚರಿಯಲ್ಲಿ ಕೆಂಪು ಕೆಂಪಾಗಿಯೇ ಇದೆ.
ಷರಾ ಎಂಬ ಕಾಲಮ್ಮಿನಲ್ಲಿ ಮಾತ್ರ ಪೆನ್ಸಿಲ್ಲಿನಲ್ಲಿ:
ಮಂಗಳವಾರ. ಪೈನ್.
ಮೇಲಿನವರು ಅಳಿಸಿದರೆ ಅಳಿಸಲಿ.

ಬೆಳಿಗ್ಗೆ ಕೊಳವೆ ತಣಿದ ಮೇಲೆ ಬಿಚ್ಚಿ ಬ್ರಷ್ ಹಾಕಿದೆ.
ತುದಿಯಲ್ಲಿ ಸಾಸಿವೆಯಷ್ಟು ಕಂದು ಅಂಟು,
ಎಷ್ಟು ತಿಂಗಳ ಕಾಡೋ, ಎಷ್ಟು ಮಂಗಳವಾರವೋ.
ಬೆರಳಿಗೆ ತೆಗೆದು ಮೂಸಿದೆ.
ನನ್ನ ಮೂಗು ಸರಿಯಾಗಿಯೇ ಇದೆ.
ಏನೂ ಬರಲಿಲ್ಲ.