ಎರಡು ಕೆಜಿಯ ಕಲ್ಲು

ಎಡಗಾಲಿ ಬಲಗಾಲಿ ಬೇರೆ ಬೇರೆ ಕುಣಿಯುತ್ತಿದ್ದ ನನ್ನ ಪಿಕಪ್ಪಿಗೆ
ಈಗ ಮುಂದೆ ಅಡ್ಡಕ್ಕೆ ಒಂದೇ ಅಚ್ಚು.
ಹಳೇ ಜೀಪಿನದು, ಭದ್ರಾವತಿಯಲ್ಲಿ ಸಿಕ್ಕಿತು.
ಎತ್ತಲು ನಾಲ್ಕು ಜನ, ಬೈಯಲು ಒಬ್ಬ.

ಯಾಕೆ ಬೇಕಿತ್ತು ಅಂತ ಕೇಳಬೇಡಿ.
ಸಂಪೆಕಟ್ಟೆಯಿಂದಾಚೆ ಬೋರಿನ ಮೋಟಾರು ಎತ್ತಲು
ಮುಕ್ಕಾಲಿ, ಚೈನ್‌ಪುಲ್ಲಿ, ಪೈಪು ಹೇರಿಕೊಂಡು ಒಮ್ಮೆ ಬನ್ನಿ.
ಹೋದ ವರ್ಷ ಗಾಲಿಯ ಕೆಳತೋಳು ಮುರಿದು
ಹಳ್ಳದ ನಡುವೆ ಕೂತಿದ್ದೆವು, ನಾನೂ ಕುಬೇರಪ್ಪನೂ,
ಸಂಜೆವರೆಗೆ ಒಂದೇ ಪೊಟ್ಟಣ ಬಿಸ್ಕತ್ತು.

ಅಚ್ಚು ಕೂತಿತು. ಪಟ್ಟಾ ಬಿಗಿದಾಯಿತು.
ಆದರೆ ಸ್ಟೇರಿಂಗಿಗೂ ಗಾಲಿಗೂ ಮಾತಿಲ್ಲ.
ನಾನು ಎಡಕ್ಕೆಳೆದರೆ ಪೆಟ್ಟಿಗೆಯ ಮೂತಿಯಲ್ಲಿ
ಮೂವತ್ತೆರಡು ಹಲ್ಲಿನ ದಂಡವೊಂದು
ಎಡಕ್ಕೆ ತಿರುಗುತ್ತದೆ, ಯಾರಿಗೂ ಹೇಳದೆ.

ಆಟೋ ಕಾಂಪ್ಲೆಕ್ಸಿನಲ್ಲಿ ಐದು ಅಂಗಡಿ.
‘ಯಾವ ಮಾಡೆಲ್ಲು?’
ಅರ್ಧ ಇದು, ಅರ್ಧ ಅದು ಅಂದರೆ
ಹುಡುಗ ಕಂಪ್ಯೂಟರು ನೋಡುತ್ತಾನೆ,
ಕಂಪ್ಯೂಟರು ಅವನನ್ನು ನೋಡುತ್ತದೆ.

ಟೈರಾಡು ಮಾತ್ರ ಸಿಕ್ಕಿತು.
ಒಂದು ತುದಿಗೆ ಎಡಸುತ್ತು, ಇನ್ನೊಂದಕ್ಕೆ ಬಲಸುತ್ತು;
ನಡುವಿನ ಕೊಳವೆ ತಿರುವಿದರೆ
ಎರಡು ಕಡೆಯವರೂ ಒಟ್ಟಿಗೇ ಹತ್ತಿರ ಬರುತ್ತಾರೆ.
ಇಂಥದ್ದನ್ನು ನಾನು ಯಾವ ಪಂಚಾಯ್ತಿಯಲ್ಲೂ ಕಂಡಿಲ್ಲ.

ಡ್ರ್ಯಾಗ್‌ಲಿಂಕಿಗೆ ಲೇತಿನ ಸಿಪ್ರಿಯನ್.
ಎರಡು ತುಂಡಿದೆ, ಬೆಸೆದು ಕೊಡು ಅಂದೆ.
ಕನ್ನಡಕ ಹಣೆಗೇರಿಸಿ ಹೇಳಿದ:
‘ಸ್ಟೇರಿಂಗಿಗೆ ವೆಲ್ಡಿಂಗು ಮಾಡಿಸಿದವರೆಲ್ಲ
ಈಗ ಗೋಡೆ ಮೇಲೆ ಫೋಟೋ ಆಗಿದ್ದಾರೆ.’
ಹೊಸ ಸರಳನ್ನೇ ಕಡೆದುಕೊಟ್ಟ. ‘ಇದು ಮಟ್ಟಸ ಕೂರಬೇಕು.
ಓರೆಯಾದರೆ ಗುಂಡಿ ಸಿಕ್ಕಾಗಲೆಲ್ಲ
ಗಾಡಿ ತಾನೇ ತಿರುಗ್ತದೆ, ನಿನ್ನ ಕೇಳಲ್ಲ.
ಕೆಳಕ್ಕೆ ಬಾಗಿದ ಪಿಟ್‌ಮನ್ ಆರ್ಮ್ ಹುಡುಕು.’

ಹುಡುಕಿದೆ. ಹದಿನೇಳು ದಿನ.
ಸಾಗರ, ಶಿಕಾರಿಪುರ, ತೀರ್ಥಹಳ್ಳಿ.
ಒಂದಕ್ಕೆ ಹಲ್ಲು ಸರಿಯಿಲ್ಲ, ಒಂದರ ತೂತು ದೊಡ್ಡದು,
ಒಂದು ಎಲ್ಲಾ ಸರಿ, ಮೇಲಕ್ಕೆ ಬಾಗಿದೆ.

ಕೊನೆಗೆ ನಮ್ಮೂರಲ್ಲೇ, ಹೊಳೆ ದಾಟಿದ ಕೂಡಲೇ,
ನೀಲಾಬಾಯಿಯ ಗುಜರಿಯಲ್ಲಿ.
ರಾಶಿಯಲ್ಲಲ್ಲ: ತಕ್ಕಡಿಯ ತಟ್ಟೆಯಲ್ಲಿ.
ಹನ್ನೊಂದು ವರ್ಷದಿಂದ ತುಕ್ಕು ಪೈಪು ಮಾರಲು ಬಂದಾಗಲೆಲ್ಲ
ನನ್ನೆದುರೇ ಏರುತ್ತ ಇಳಿಯುತ್ತ ಇತ್ತು.
ಹಲ್ಲೆಣಿಸಿದೆ. ಮೂವತ್ತೆರಡು. ಕೆಳಕ್ಕೇ ಬಾಗಿತ್ತು.

‘ಅದು ಕೊಡಲ್ಲ’ ಅಂದಳು. ‘ಮಾವನ ಕಾಲದ್ದು.
ಎರಡು ಕೆಜಿ, ಚಿನ್ನದಂಥ ತೂಕ.’
ಅಷ್ಟೇ ತೂಕದ ಇನ್ನೊಂದು ತರ್ತೇನೆ ಅಂದೆ.
ಮೋಟಾರುಬೈಕಿನ ಕೀಲಿ ಒತ್ತೆ ಇಟ್ಟುಕೊಂಡು
ನಡೆಸಿಯೇ ಕಳಿಸಿದಳು.

ಸಿಪ್ರಿಯನ್ನನ ಹೊಸ ಮಾಪಕದ ಕೆಂಪು ಅಂಕಿ
ಸ್ವಲ್ಪ ಹೊತ್ತು ನಡುಗಿ ನಿಂತಿತು:
ಎರಡು ಕೆಜಿ ಮುನ್ನೂರ ನಲವತ್ತು.
ಇಬ್ಬರೂ ಮಾತಾಡಲಿಲ್ಲ.
ಹನ್ನೊಂದು ವರ್ಷ, ವರ್ಷಕ್ಕೆ ಇಷ್ಟು ಪೈಪು...
ಬೆರಳು ಮಡಿಸಲು ಹೊರಟವನು ಬಿಟ್ಟೆ.
ನನಗಿಂತ ಮುಂಚೆ ಎಷ್ಟು ಜನರ ಪಾತ್ರೆ, ಗುದ್ದಲಿ, ಸೈಕಲ್ಲು!
ಮಾವನಿಗೂ ಗೊತ್ತಿತ್ತೋ ಇಲ್ಲವೋ.

ನನ್ನ ಗಾಡಿಯಿಂದ ಬಿಚ್ಚಿದ ಹಳೇ ತೋಳು ಇಟ್ಟೆವು.
ಸಾವಿರದ ಒಂಬೈನೂರ ಮೂವತ್ತು.
ಸಿಪ್ರಿಯನ್ ಒಂದು ನಟ್ಟು ಹುಡುಕಿದ, ಒಂದು ವಾಷರು,
ತುಸು ಉಜ್ಜಿದ, ಮತ್ತೆ ತೂಗಿದ.
‘ಇದಕ್ಕೆ ಬೇಕಾದರೆ ವೆಲ್ಡಿಂಗು ಮಾಡಬಹುದು’ ಅಂದು
ಕಣ್ಣಿಗೆ ಗಾಜು ಹಿಡಿದ.

ಸಂಜೆ ಕೊಟ್ಟೆ. ಇನ್ನೂ ಬಿಸಿಯಿತ್ತು.
ನೀಲಾಬಾಯಿ ಎಡಗೈಯಲ್ಲಿ ಹಾರಿಸಿ ಹಿಡಿದಳು,
ಬಲಗೈಗೆ ಹಾಕಿಕೊಂಡಳು, ಮತ್ತೆ ಎಡಗೈಗೆ.
‘ಹಗುರ ಅನ್ನಿಸ್ತದಲ್ಲೋ.’

ಎರಡು ಕೆಜಿ ಅಕ್ಕ, ನಾನೇ ತೂಗಿಸಿದ್ದೇನೆ ಅಂದೆ.
ಅವಳು ಕೀಲಿ ಕೊಡದೆ
ನನ್ನ ಮುಖವನ್ನೇ ನೋಡುತ್ತಿದ್ದಳು.