ಕಪ್ಪು ಕಾರು

ಬಿಳಿ ಕಾರು ಯಾರು ಬೇಕಾದರೂ ತೆಗೀತಾರೆ,
ಕಪ್ಪು ಕಾರು ಕಾರಲ್ಲ ಮಗಾ, ಕನ್ನಡಿ.
ಜೆ.ಸಿ. ರೋಡಿನ ನಜೀರ್ ಭಾಯಿಯ ಮೊದಲ ಪಾಠ.

ಎರಡನೆಯದು: ಬಗ್ಗು.
ಹೆಡ್‌ಲೈಟಿನ ಕಣ್ಣಿಗೆ ನಿನ್ನ ಕಣ್ಣು ಸಮ ಆಗೋ ತನಕ ಬಗ್ಗು.
ನಿಂತು ತೆಗೆದರೆ ಗಾಡಿ ಕುಳ್ಳ, ನೀನು ಸಾಹುಕಾರ.

ಆರೂವರೆ. ಕಾಕ್ಸ್‌ಟೌನಿನ ಅಡ್ಡರಸ್ತೆ.
ಬಿಸಿಲು ಇಳಿದಿದೆ, ಬೆಳಕು ಇನ್ನೂ ಹೊರಟಿಲ್ಲ,
ಇರೋದು ಇಪ್ಪತ್ತೇ ನಿಮಿಷ.
ಫಿಲೋಮಿನಾ ಆಂಟಿ ಬಾನೆಟ್ಟು ಒರೆಸುತ್ತಾರೆ,
ಮಾರೋ ಗಾಡಿಗೆ ಯಾಕಿಷ್ಟು ಅಂತ ತಮ್ಮನ್ನೇ ಬೈದುಕೊಂಡು.
ಮುಂದಿನ ಚಕ್ರ ಒಂಚೂರು ತಿರುಗಿಸಿ ಆಂಟಿ, ಮುಖ ಕಾಣಲಿ.

ಲೆನ್ಸಿನ ತುದಿಯ ಫಿಲ್ಟರು ಮೆಲ್ಲಗೆ ತಿರುವಿದೆ:
ಮುಂದಿನ ಗಾಜಿನಿಂದ ಆಕಾಶ ಎದ್ದು ಹೋಯಿತು.
ಬಾಗಿಲಿನಿಂದ ಮಾತ್ರ ಯಾರೂ ಏಳಲಿಲ್ಲ.
ಕೇಬಲ್ಲು, ನೀರಿನ ಟ್ಯಾಂಕರು,
ಮೈತುಂಬ ಗುಲಾಬಿ ಹೊತ್ತ ಟಬೆಬುಯಾ,
ನಡುವೆ ಮಂಡಿಯೂರಿದ ನಾನು, ಕೆಂಪು ಅಂಗಿಯಲ್ಲಿ.
ಕಪ್ಪು ಅಂಗಿ ಹಾಕ್ಕೋ ಅನ್ನೋ ಮೂರನೇ ಪಾಠ ಮರೆತೇ ಹೋಗಿತ್ತು.

ರಾತ್ರಿ ಒಂದು ಗಂಟೆ. ಮೌಸು.
ಕೇಬಲ್ಲು ಅಳಿಸಿದೆ. ಟ್ಯಾಂಕರು ಅಳಿಸಿದೆ.
ನೆರಳು ತುಸು ಎತ್ತಿ, ಹೊಳಪು ತುಸು ಇಳಿಸಿದೆ.
ನನ್ನನ್ನೂ ಅಳಿಸಿದೆ, ಮೊದಲು ತಲೆ, ಆಮೇಲೆ ಮಂಡಿ.
ಹಿಂಬಾಗಿಲ ಗೀರು ಮುಟ್ಟಲಿಲ್ಲ,
ಅದು ಎಡಿಟಿಂಗ್ ಅಲ್ಲ, ಮೋಸ ಅಂತಿದ್ದರು ಭಾಯಿ.
ಕೊನೆಗೆ ಮರ.
ಉಳಿದದ್ದು ಎಲ್ಲೂ ನಿಂತಿರದ ಕಾರು.

ಒಂದು ಹೆಜ್ಜೆ ಹಿಂದಕ್ಕೆ ಬಂದೆ.
ಮರ ಬಂತು. ಸಾಕು.

ಭಾನುವಾರ ಗಾಡಿ ನೋಡಲು ಬಂದವನು
ಫೋನು ಚಾಚಿ, ಬೆಲೆಗಿಂತ ಮೊದಲು ಕೇಳಿದ:
ಈ ಹೂವಿನ ಮರ ಯಾವ ರಸ್ತೇಲಿದೆ?
ಆಂಟಿ ಏನೂ ಹೇಳಲಿಲ್ಲ,
ಅವನ ಹೆಗಲಿಂದ ಒಂದು ಎಸಳು ತೆಗೆದರು.